ಅಮ್ಮನೇ ಅಮೀನಳಾಗಬೇಕೆ?

ಕನ್ನಡದಲ್ಲಿ ‘ಗಂಡ ಬಿಟ್ಟವಳು’ ಎಂಬ ಮಾತಿದೆ. ಬಿಟ್ಟು ಹೋದವನು ಗಂಡ, ಆದರೆ ಆ ಹೆಸರನ್ನು ಹೊತ್ತು ತಿರುಗುವವಳು ಹೆಂಡತಿ. ಮಕ್ಕಳನ್ನು ಬಿಟ್ಟು ಹೋದ ಅಪ್ಪನಿಗೆ ನಮ್ಮಲ್ಲಿ ಏನಾದರೂ ಹೆಸರಿದೆಯೇ ಎಂದು ನಾನು ಬಹಳ ದಿನ ಹುಡುಕಿದ್ದೇನೆ. ಬೈಗುಳದ ವಿಷಯದಲ್ಲಿ ನಮ್ಮ ಭಾಷೆ ಬಡವೇನಲ್ಲ. ಕುಡುಕನಿಗೆ, ಸೋಮಾರಿಗೆ, ಜಿಪುಣನಿಗೆ, ಸಾಲ ತೀರಿಸದವನಿಗೆ ಒಂದೊಂದು ಜಿಲ್ಲೆಯಲ್ಲಿ ಒಂದೊಂದು ಹೆಸರಿದೆ. ಹೆತ್ತ ಮಗುವಿನ ಹಾಲಿಗೆ, ಫೀಸಿಗೆ, ಔಷಧಿಗೆ ನಯಾಪೈಸೆ ಕೊಡದೆ ಪಕ್ಕದ ಊರಿನಲ್ಲಿ ಆರಾಮಾಗಿ ಇರುವವನಿಗೆ ಮಾತ್ರ ಹೆಸರಿಲ್ಲ. ಊರಿನ ಮದುವೆ ಮುಂಜಿಗಳಲ್ಲಿ ಅವನು ಎಂದಿನಂತೆ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರುತ್ತಾನೆ. ಹೆಸರೇ ಇಲ್ಲದ ತಪ್ಪಿಗೆ ನಾಚಿಕೆ ಎಲ್ಲಿಂದ ಬರಬೇಕು?

ನಾನು ಜಿಲ್ಲಾ ಕೇಂದ್ರವೊಂದರಲ್ಲಿ ಹದಿನೇಳು ವರ್ಷಗಳಿಂದ ವಕೀಲಿಕೆ ಮಾಡುತ್ತಿರುವವಳು. ಜಮೀನಿನ ವ್ಯಾಜ್ಯ, ಚೆಕ್ ಬೌನ್ಸ್, ಅಪಘಾತದ ಪರಿಹಾರ ಎಲ್ಲವನ್ನೂ ನಡೆಸಿದ್ದೇನೆ. ಗೆದ್ದ ಮೇಲೂ ಸೋತ ಮುಖ ಹೊತ್ತು ಮನೆಗೆ ಹೋಗುವ ಕಕ್ಷಿದಾರರನ್ನು ಹೆಚ್ಚಾಗಿ ಕಂಡಿರುವುದು ಒಂದೇ ಬಗೆಯ ಪ್ರಕರಣದಲ್ಲಿ. ಅದು ಮಕ್ಕಳ ಜೀವನಾಂಶ. ಆದೇಶದ ನಕಲು ಕೈಗೆ ಬಂದ ದಿನವೇ ಅವರ ನಿಜವಾದ ಕಷ್ಟ ಶುರುವಾಗುತ್ತದೆ. ಅಷ್ಟು ವರ್ಷ ಇದನ್ನು ನೋಡಿದ ಮೇಲೆ ನಾನು ಹೇಳಬೇಕಾದ ಮಾತು ಇಷ್ಟೇ: ಮಗುವಿನ ಜೀವನಾಂಶವನ್ನು ವಸೂಲು ಮಾಡುವ ಕೆಲಸ ಸರ್ಕಾರದ್ದು. ಅದನ್ನು ತಾಯಿಯ ತಲೆಗೆ ಕಟ್ಟಿ ನೂರಕ್ಕೂ ಹೆಚ್ಚು ವರ್ಷಗಳಾದವು. ಇನ್ನು ಸಾಕು.

ಕಾನೂನಿನಲ್ಲಿ ಏನಿದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಎಂದು ನಾವು ಕರೆಯುತ್ತಿದ್ದದ್ದು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿದೆ. ನಂಬರು ಬದಲಾಯಿತು, ಒಳಗಿನ ಮಾತು ಬಹುಪಾಲು ಹಾಗೆಯೇ ಉಳಿಯಿತು. ಮಗುವನ್ನು ಸಾಕುವ ಶಕ್ತಿ ಇರುವ ತಂದೆ ಅದನ್ನು ಸಾಕದಿದ್ದರೆ, ತಿಂಗಳಿಗೆ ಇಷ್ಟು ಕೊಡು ಎಂದು ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ಮಗು ಮದುವೆಯೊಳಗೆ ಹುಟ್ಟಿದ್ದೋ ಹೊರಗೆ ಹುಟ್ಟಿದ್ದೋ ಎಂಬ ಭೇದವನ್ನು ಕಾನೂನು ಮಾಡುವುದಿಲ್ಲ. ಹೆಂಡತಿ ಸಕಾರಣವಿಲ್ಲದೆ ಗಂಡನ ಜೊತೆ ಬಾಳಲು ಒಪ್ಪದಿದ್ದರೆ ಅವಳ ಜೀವನಾಂಶ ತಪ್ಪಬಹುದು, ಮಗುವಿನದು ತಪ್ಪುವಂತಿಲ್ಲ. ಅಂದರೆ ಕಾನೂನಿನ ಕಣ್ಣಿನಲ್ಲಿ ಗಂಡ ಹೆಂಡಿರ ಜಗಳ ಬೇರೆ, ಮಗುವಿನ ಹೊಟ್ಟೆ ಬೇರೆ. ಮಧ್ಯಂತರ ಜೀವನಾಂಶದ ಅರ್ಜಿಯನ್ನು ನೋಟಿಸ್ ಜಾರಿಯಾದ 60 ದಿನಗಳೊಳಗೆ ಆದಷ್ಟೂ ಮುಗಿಸಬೇಕು ಎಂದೂ ಇದೆ. 2020ರ ನವೆಂಬರ್‌ನಲ್ಲಿ ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಎರಡು ಹೆಜ್ಜೆ ಮುಂದಿಟ್ಟಿತು. ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕು, ಮತ್ತು ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕವಾಗಬೇಕು ಎಂದಿತು.

ಓದುವುದಕ್ಕೆ ಎಲ್ಲವೂ ಚೆನ್ನಾಗಿದೆ. ಈಗ ಇದು ನಡೆಯುವ ಬಗೆ ನೋಡಿ.

ಅರವತ್ತು ದಿನದ ಗಡಿಯಾರ ಓಡಲು ಶುರುವಾಗುವುದು ನೋಟಿಸ್ ಜಾರಿಯಾದ ಮೇಲೆ. ನೋಟಿಸ್ ಜಾರಿಯಾಗದಂತೆ ನೋಡಿಕೊಂಡರೆ ಗಡಿಯಾರಕ್ಕೆ ಕೀ ಕೊಟ್ಟಂತೆಯೇ ಆಗುವುದಿಲ್ಲ. ‘ಮನೆ ಬೀಗ ಹಾಕಿತ್ತು’, ‘ಬೆಂಗಳೂರಿಗೆ ಹೋಗಿರುತ್ತಾರೆಂದು ನೆರೆಯವರು ತಿಳಿಸಿದರು’, ‘ವಿಳಾಸದಲ್ಲಿ ವಾಸವಿಲ್ಲ’ ಎಂಬ ಷರಾಗಳನ್ನು ನಾನು ಎಷ್ಟು ಓದಿದ್ದೇನೆಂದರೆ ಕೈಬರಹ ನೋಡಿಯೇ ಮುಂದಿನ ಸಾಲು ಹೇಳಬಲ್ಲೆ. ನೋಟಿಸ್ ಮುಟ್ಟಿದ ಮೇಲೆ ವಕಾಲತ್ತಿಗೆ ಒಂದು ವಾಯಿದೆ, ತಕರಾರಿಗೆ ಎರಡು ವಾಯಿದೆ, ಆಸ್ತಿಯ ಪ್ರಮಾಣಪತ್ರಕ್ಕೆ ಇನ್ನೆಷ್ಟೋ ವಾಯಿದೆ. ಪ್ರಮಾಣಪತ್ರ ಬಂದಾಗ ಅದರಲ್ಲಿ ಇರುವುದು ಇಷ್ಟೇ: ‘ನಾನು ಕೂಲಿ ಕೆಲಸದವನು, ನನಗೆ ಯಾವ ಆಸ್ತಿಯೂ ಇಲ್ಲ.’ ಪಹಣಿ ಅವನ ಅಪ್ಪನ ಹೆಸರಿನಲ್ಲಿದೆ. ಗೂಡ್ಸ್ ಗಾಡಿ ಅಣ್ಣನ ಹೆಸರಿನಲ್ಲಿದೆ. ಬಡ್ಡಿಗೆ ಬಿಟ್ಟ ದುಡ್ಡು ಯಾವ ಹೆಸರಿನಲ್ಲೂ ಇಲ್ಲ. ಸಂಬಳದ ಚೀಟಿ ಇರುವ ಗಂಡನಿಗಾದರೆ ಈ ಪ್ರಮಾಣಪತ್ರ ಒಂದಿಷ್ಟು ಕಟ್ಟುಪಾಡು ಹಾಕುತ್ತದೆ. ನಮ್ಮ ಊರುಗಳಲ್ಲಿ ಸಂಬಳದ ಚೀಟಿ ಇರುವ ಗಂಡಂದಿರು ಎಷ್ಟು ಜನ?

ಇಷ್ಟೆಲ್ಲ ಆಗಿ ಆದೇಶವಾಯಿತು ಎನ್ನಿ. ನನ್ನ ಕಕ್ಷಿದಾರಳೊಬ್ಬಳು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸದವಳು. ಇಬ್ಬರು ಮಕ್ಕಳಿಗೆ ತಲಾ 2,500 ರೂಪಾಯಿಯ ಆದೇಶವಾಗಿತ್ತು. ಮೊದಲ ತಿಂಗಳು ಕೋರ್ಟಿನಲ್ಲಿ ಮಾನ ಉಳಿಸಿಕೊಳ್ಳಲು ಕೊಟ್ಟ, ಆಮೇಲೆ ನಿಲ್ಲಿಸಿದ. ನಿಂತರೆ ಏನು ಮಾಡಬೇಕು? ತಾಯಿಯೇ ಮತ್ತೆ ಅರ್ಜಿ ಹಾಕಬೇಕು. ದಂಡದ ಹಣ ವಸೂಲು ಮಾಡುವ ರೀತಿಯಲ್ಲೇ ವಾರಂಟ್ ಹೊರಡುತ್ತದೆ. ನಮ್ಮ ಕೋರ್ಟುಗಳಲ್ಲಿ ಅದಕ್ಕೆ ಎಫ್‌ಎಲ್‌ಡಬ್ಲ್ಯೂ ಎನ್ನುತ್ತಾರೆ. ಆ ವಾರಂಟ್ ಪೊಲೀಸ್ ಠಾಣೆಗೆ ಹೋಗಿ ಅಲ್ಲಿ ಕಳ್ಳತನ, ಹೊಡೆದಾಟ, ಬಂದೋಬಸ್ತುಗಳ ಕೆಳಗೆ ಮಲಗುತ್ತದೆ. ಅವಳು ಠಾಣೆಗೆ ಹೋಗಿ ವಿಚಾರಿಸಿದರೆ, ‘ಅವನೆಲ್ಲವ್ನೆ ತೋರ್ಸಮ್ಮ, ಇಡ್ಕೊಂಡ್ ಬತ್ತೀವಿ’ ಎನ್ನುತ್ತಾರೆ. ಗಂಡ ಎಲ್ಲಿದ್ದಾನೆ, ಯಾವ ಹೊತ್ತಿನಲ್ಲಿ ಮನೆಗೆ ಬರುತ್ತಾನೆ, ಗಾಡಿ ಎಲ್ಲಿ ನಿಲ್ಲಿಸುತ್ತಾನೆ ಎಂದು ಪತ್ತೆ ಹಚ್ಚುವ ಕೆಲಸ ಅವಳದು. ಪೇದೆ ಬಂದಾಗ ಮನೆ ತೋರಿಸಲು ಆಟೋ ಮಾಡಿಕೊಂಡು ಬರುವವಳೂ ಅವಳೇ. ಕೋರ್ಟಿನ ಅಮೀನ ಮಾಡಬೇಕಾದ ಕೆಲಸ, ಪೊಲೀಸ್ ಮಾಡಬೇಕಾದ ಕೆಲಸ, ತಹಶೀಲ್ದಾರ ಕಚೇರಿ ಮಾಡಬೇಕಾದ ಕೆಲಸ ಎಲ್ಲವನ್ನೂ ಸೇರಿಸಿ, ದಿನವಿಡೀ ಮಿಷನ್ ತುಳಿದು ಬಂದ ಒಬ್ಬ ಹೆಂಗಸಿಗೆ ವಹಿಸಲಾಗಿದೆ.

ಅದೂ ಪುಕ್ಕಟೆಯಾಗಿ. ಕಾನೂನು ಸೇವಾ ಪ್ರಾಧಿಕಾರದಿಂದ ಹೆಣ್ಣುಮಕ್ಕಳಿಗೆ ವಕೀಲರು ಉಚಿತವಾಗಿ ಸಿಗುತ್ತಾರೆ. ಅದಕ್ಕೆ ಆದಾಯದ ಮಿತಿಯೂ ಇಲ್ಲ, ಒಳ್ಳೆಯದು. ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜು ಉಳಿಯಿತು ಎಂದು ಕೋರ್ಟಿಗೆ ಬರುವ ಎಷ್ಟೋ ಹೆಂಗಸರು ನನ್ನೆದುರು ಹೇಳಿದ್ದಾರೆ, ಅದೂ ನಿಜ. ಆದರೆ ವಾಯಿದೆಯ ದಿನದ ಕೂಲಿಯನ್ನು ಯಾರೂ ಕೊಡುವುದಿಲ್ಲ. ಗಾರ್ಮೆಂಟ್ಸ್‌ನಲ್ಲಿ ಒಂದು ದಿನ ರಜೆ ಹಾಕಿದರೆ ಆ ದಿನದ ಸಂಬಳದ ಜೊತೆ ತಿಂಗಳ ಹಾಜರಿ ಬೋನಸ್ಸೂ ಹೋಗುತ್ತದೆ. 5,000 ರೂಪಾಯಿ ವಸೂಲು ಮಾಡಲು ಅವಳು ಎಷ್ಟು ಕಳೆದುಕೊಂಡಳು ಎಂದು ಒಂದು ಸಲ ಇಬ್ಬರೂ ಕೂತು ಲೆಕ್ಕ ಹಾಕಲು ಶುರುಮಾಡಿ, ಅರ್ಧಕ್ಕೇ ನಿಲ್ಲಿಸಿದೆವು.

ಇನ್ನೊಂದು ಗಂಟು ಇದೆ, ಇದನ್ನು ಕೋರ್ಟಿನ ಹೊರಗಿನವರು ತಿಳಿದಿರಬೇಕು. ಬಾಕಿಯಾದ ಕಂತಿಗೆ ಒಂದು ವರ್ಷದೊಳಗೆ ಅರ್ಜಿ ಹಾಕದಿದ್ದರೆ ಆ ಕಂತಿಗೆ ವಾರಂಟ್ ಹೊರಡಿಸುವಂತಿಲ್ಲ. ‘ಪಾಪ, ಈ ವರ್ಷ ಮಳೆ ಇಲ್ಲ, ಮುಂದಿನ ವರ್ಷ ಕೊಟ್ಟಾನು’ ಎಂದು ಸುಮ್ಮನಾದ ತಾಯಿಗೆ ಕಾನೂನು ಕೊಡುವ ಬಹುಮಾನ ಇದು. ಕರುಣೆ ತೋರಿಸಿದವಳು ಹಣ ಕಳೆದುಕೊಳ್ಳುತ್ತಾಳೆ, ತಲೆಮರೆಸಿಕೊಂಡವನು ಉಳಿಸಿಕೊಳ್ಳುತ್ತಾನೆ. ಬ್ಯಾಂಕು ತನ್ನ ಸಾಲಕ್ಕೆ ಇಂಥ ನಿಯಮವನ್ನು ಒಪ್ಪುತ್ತದೆಯೇ?

ಕೊನೆಗೂ ಅವನು ಸಿಕ್ಕ ಎನ್ನಿ. ಕೊಡದ ಪ್ರತಿ ತಿಂಗಳಿಗೆ ಒಂದು ತಿಂಗಳವರೆಗೆ ಜೈಲು ಎಂದಿದೆ. ಜೈಲಿಗೆ ಹೋದ ಮಾತ್ರಕ್ಕೆ ಬಾಕಿ ತೀರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಆದರೆ ನನ್ನ ಕಕ್ಷಿದಾರಳು ಆ ದಿನ ಕೋರ್ಟಿನ ಮೆಟ್ಟಿಲ ಮೇಲೆ ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ‘ಮೇಡಂ, ಅವ್ನು ಜೈಲಿಗೋದ್ರೆ ನನ್ ಮಕ್ಳಿಗೇನ್ ಬತ್ತದೆ? ಅಪ್ಪುನ್ನ ಜೈಲಿಗಾಕ್ಸುದ್ಲು ಅಂತ ಊರೋರು ನನ್ನೇ ಅಂತಾರೆ.’ ಕಾನೂನಿನ ಕೈಯಲ್ಲಿರುವ ಅತಿ ದೊಡ್ಡ ಆಯುಧ ಅದು. ಅದನ್ನು ಬೀಸಿದರೂ ಏಟು ಬೀಳುವುದು ಅವಳಿಗೇ.

*

ಇದು ಕಾನೂನಿನ ಮರೆವಿನಿಂದ ಆದದ್ದು ಎಂದು ನಾನು ನಂಬುವುದಿಲ್ಲ. ಜೀವನಾಂಶದ ಚರಿತ್ರೆಯನ್ನು ನೋಡಿದರೆ ನಮ್ಮ ಗಮನ ಎಲ್ಲಿತ್ತು ಎಂಬುದು ಗೊತ್ತಾಗುತ್ತದೆ. ಬ್ರಿಟಿಷರು ಈ ಕಲಂ ತಂದದ್ದೇ ಅನಾಥರು, ಅಲೆಮಾರಿಗಳು ಬೀದಿಯಲ್ಲಿ ಹೆಚ್ಚಬಾರದೆಂದು. ಇಂದಿಗೂ ತೀರ್ಪುಗಳಲ್ಲಿ ಆ ಮಾತು ತಪ್ಪದೆ ಬರುತ್ತದೆ. ಸ್ವತಂತ್ರ ಭಾರತ 1955ರಲ್ಲಿ ಜೀವನಾಂಶದ ಗರಿಷ್ಠ ಮಿತಿಯನ್ನು ತಿಂಗಳಿಗೆ 500 ರೂಪಾಯಿಗೆ ಏರಿಸಿತು. ಆ ಐನೂರು 2001ರವರೆಗೆ ಹಾಗೆಯೇ ನಿಂತಿತು. ನಲವತ್ತಾರು ವರ್ಷಗಳಲ್ಲಿ ಅಕ್ಕಿಯ ಬೆಲೆ ಏರಿತು, ಶಾಸಕರ ಭತ್ಯೆ ಏರಿತು, ಕೋರ್ಟಿನ ಶುಲ್ಕ ಏರಿತು. ಪಶ್ಚಿಮ ಬಂಗಾಳ, ಮಹಾರಾಷ್ಟ್ರದಂಥ ಕೆಲವು ರಾಜ್ಯಗಳು ತಮ್ಮ ಮಟ್ಟಿಗೆ ತಿದ್ದುಪಡಿ ಮಾಡಿಕೊಂಡವು. ದೇಶದ ಕಾನೂನಿನಲ್ಲಿ ಮಾತ್ರ ಮಗುವಿನ ಹೊಟ್ಟೆ 1955ರಲ್ಲೇ ನಿಂತಿತ್ತು.

ಶಾ ಬಾನೊ ಪ್ರಕರಣ ನೆನಪಿರಬೇಕು. 1985ರ ಆ ತೀರ್ಪಿನ ಬಗ್ಗೆ ದೇಶವೇ ಹೊತ್ತಿ ಉರಿಯಿತು. ಧರ್ಮ, ಷರೀಯತ್, ಸಮಾನ ನಾಗರಿಕ ಸಂಹಿತೆ, ವೋಟ್ ಬ್ಯಾಂಕು ಎಂದು ಇಂದಿಗೂ ಮಾತು ಮುಗಿದಿಲ್ಲ. ಆ ಮುದುಕಿಗೆ ಸಿಕ್ಕ ಹಣ ಎಷ್ಟು ಎಂದು ಕೇಳಿ ನೋಡಿ, ಹತ್ತರಲ್ಲಿ ಒಬ್ಬರೂ ಹೇಳಲಾರರು. ಇಂದೋರಿನ ಮ್ಯಾಜಿಸ್ಟ್ರೇಟರು ಕೊಟ್ಟದ್ದು ತಿಂಗಳಿಗೆ 25 ರೂಪಾಯಿ. ಹೈಕೋರ್ಟು ಅದನ್ನು 179 ರೂಪಾಯಿ 20 ಪೈಸೆಗೆ ಏರಿಸಿತು. ಗಂಡ ಆ ನಗರದ ವಕೀಲ. ಈ ನೂರ ಎಪ್ಪತ್ತೊಂಬತ್ತು ರೂಪಾಯಿ ಕೊಡಲಾರೆ ಎಂದು ಅವನು ಸುಪ್ರೀಂ ಕೋರ್ಟಿನವರೆಗೆ ಹೋದ. ಯಾರ ಕಾನೂನು ದೊಡ್ಡದು ಎಂದು ಎಲ್ಲ ಪಕ್ಷದವರೂ ಬಡಿದಾಡಿದರು. ಹಣ ಅವಳ ಕೈಗೆ ಹೇಗೆ ತಲುಪುತ್ತದೆ ಎಂದು ಕೇಳಿದವರು ಕಡಿಮೆ. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ವಿಚ್ಛೇದಿತ ಮುಸ್ಲಿಂ ಹೆಣ್ಣುಮಕ್ಕಳೂ 125ನೇ ಕಲಮಿನಡಿ ಬರಬಹುದು ಎಂದು ಮತ್ತೆ ಸ್ಪಷ್ಟಪಡಿಸಿತು. ಸಂತೋಷ. ಈಗ ಎಲ್ಲ ಧರ್ಮದ ತಾಯಂದಿರೂ ಒಂದೇ ಠಾಣೆಯ ಮುಂದೆ ಒಂದೇ ವಾರಂಟ್ ಹಿಡಿದು ನಿಲ್ಲಬಹುದು.

ಸರ್ಕಾರಕ್ಕೆ ಇಂಥ ಕೆಲಸ ಮಾಡಲು ಬರುವುದಿಲ್ಲವೇ? ಬರುತ್ತದೆ. 2007ರಲ್ಲಿ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆಗೆಂದು ಒಂದು ಕಾಯ್ದೆ ಬಂತು. ಮಕ್ಕಳು ನೋಡಿಕೊಳ್ಳದ ವಯಸ್ಸಾದ ತಂದೆ ತಾಯಿ ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಕೊಟ್ಟರೆ ಸಾಕು. 90 ದಿನಗಳಲ್ಲಿ ತೀರ್ಮಾನವಾಗಬೇಕು, ಹೆಚ್ಚೆಂದರೆ ಇನ್ನೊಂದು 30 ದಿನ. ವಕೀಲರಿಗೆ ಅಲ್ಲಿ ಪ್ರವೇಶವಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ವೃದ್ಧರ ಪರವಾಗಿ ಹಾಜರಾಗಲು ಒಬ್ಬ ಪೋಷಣಾಧಿಕಾರಿ ಇರಬೇಕು ಎಂದಿದೆ. ನೋಡಿಕೊಳ್ಳುತ್ತೇನೆಂದು ಬರೆಸಿಕೊಂಡ ದಾನಪತ್ರವನ್ನೂ ಮಾತು ತಪ್ಪಿದರೆ ರದ್ದು ಮಾಡಬಹುದು. ಇದೂ ಕಾಗದದಲ್ಲಿ ಇರುವಷ್ಟು ಚೆನ್ನಾಗಿ ನೆಲದ ಮೇಲೆ ನಡೆಯುತ್ತಿಲ್ಲ ಎಂಬುದು ನನಗೆ ಗೊತ್ತು. ಆದರೂ ಕೇಳಬೇಕಾದ ಪ್ರಶ್ನೆ ಉಳಿಯುತ್ತದೆ. ಅಪ್ಪನನ್ನು ಸಾಕದ ಮಗನನ್ನು ಎಸಿ ಸಾಹೇಬರು ಕರೆಸಬಹುದಾದರೆ, ಮಗನನ್ನು ಸಾಕದ ಅಪ್ಪನನ್ನು ಯಾಕೆ ಕರೆಸಬಾರದು? ಎಪ್ಪತ್ತು ವರ್ಷದ ಹಿರಿಯರಿಗೆ ತೊಂಬತ್ತು ದಿನಕ್ಕಿಂತ ಹೆಚ್ಚು ಕಾಯುವ ತ್ರಾಣವಿಲ್ಲ ಎಂದು ಸಂಸತ್ತಿಗೆ ಅರ್ಥವಾಯಿತು. ಎರಡು ವರ್ಷದ ಕೂಸಿಗೆ ಎಷ್ಟು ತ್ರಾಣವಿದೆ ಎಂದು ಅದು ಭಾವಿಸಿದೆಯೋ! ಹಿರಿಯರು ಮತ ಹಾಕುತ್ತಾರೆ, ಕೂಸು ಹಾಕುವುದಿಲ್ಲ. ಇದರ ಹೊರತು ಬೇರೆ ಕಾರಣ ನನಗೆ ಕಾಣುವುದಿಲ್ಲ.

*

‘ಈಗ ಗೃಹಲಕ್ಷ್ಮಿ ಬರುತ್ತದಲ್ಲ’ ಎನ್ನುವವರಿದ್ದಾರೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಶುರುವಾದ ಆ ಯೋಜನೆಯನ್ನು ನಾನು ಹಂಗಿಸುವುದಿಲ್ಲ. ತಿಂಗಳಿಗೆ 2,000 ರೂಪಾಯಿ ಹೆಣ್ಣಿನ ಖಾತೆಗೆ ನೇರ ಬೀಳುವುದು ಸಣ್ಣ ಮಾತಲ್ಲ. ಆದರೆ ಆ ಹಣ ಯಾರಿಗೆ ಬರುತ್ತದೆ? ರೇಷನ್ ಕಾರ್ಡಿನಲ್ಲಿ ಯಜಮಾನಿ ಎಂದು ಹೆಸರಿರುವವಳಿಗೆ. ಗಂಡ ಬಿಟ್ಟವಳ ಹೆಸರು ಅತ್ತೆ ಮನೆಯ ಕಾರ್ಡಿನಲ್ಲಿರುತ್ತದೆ, ಅಲ್ಲಿ ಯಜಮಾನಿ ಅತ್ತೆ. ತವರಿಗೆ ಬಂದರೆ ಅಲ್ಲಿಯ ಕಾರ್ಡಿಗೆ ಯಜಮಾನಿ ಅವಳ ತಾಯಿ, ಅಥವಾ ಅತ್ತಿಗೆ. ತನ್ನದೇ ಕಾರ್ಡು ಮಾಡಿಸಬೇಕೆಂದರೆ ಮೊದಲು ಹಳೆಯ ಕಾರ್ಡಿನಿಂದ ಹೆಸರು ತೆಗೆಸಬೇಕು, ಅದಕ್ಕೆ ಆ ಮನೆಯವರ ಸಹಕಾರ ಬೇಕು. ತೆಗೆಸಿದ ಮೇಲೂ ಹೊಸ ಕಾರ್ಡಿನ ಅರ್ಜಿ ತೆಗೆದುಕೊಳ್ಳುವ ಕಾಲ ಯಾವಾಗ ಬರುತ್ತದೆ ಎಂದು ಕಾಯಬೇಕು. ಅಂದರೆ ಎರಡು ಮನೆಯ ನಡುವೆ ನಿಂತವಳಿಗೆ, ಯಾವ ಮನೆಯಲ್ಲೂ ಯಜಮಾನಿಯಾಗದವಳಿಗೆ, ಎಲ್ಲರಿಗಿಂತ ಹೆಚ್ಚು ಬೇಕಾಗಿದ್ದವಳಿಗೆ ಅದು ತಪ್ಪುತ್ತದೆ. ಅವಳ ಪಾಲಿನ ಎರಡು ಸಾವಿರ ಅವಳನ್ನು ಹೊರಗೆ ಹಾಕಿದ ಮನೆಯ ಯಜಮಾನಿಗೆ ಬರುತ್ತಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಪ್ರಕರಣಗಳಲ್ಲಿ ಕಂಡಿದ್ದೇನೆ.

ಮನಸ್ವಿನಿ ಎಂಬ ಪಿಂಚಣಿ ಇದೆ. ಬಡತನ ರೇಖೆಗಿಂತ ಕೆಳಗಿರುವ ಅವಿವಾಹಿತ ಮತ್ತು ವಿಚ್ಛೇದಿತ ಹೆಣ್ಣುಮಕ್ಕಳಿಗೆ ತಿಂಗಳಿಗೆ 800 ರೂಪಾಯಿ. ವಯಸ್ಸು 40ರಿಂದ 64 ಆಗಿರಬೇಕು. ಇಪ್ಪತ್ತೈದಕ್ಕೆ ಕೈಗೂಸಿನೊಂದಿಗೆ ಹೊರಬಿದ್ದವಳು ಹದಿನೈದು ವರ್ಷ ಕಾಯಬೇಕು. ಅಷ್ಟು ಹೊತ್ತಿಗೆ ಆ ಕೂಸು ಎಸ್ಸೆಸ್ಸೆಲ್ಸಿಯಲ್ಲಿರುತ್ತದೆ ಅಥವಾ ಶಾಲೆ ಬಿಟ್ಟು ಗ್ಯಾರೇಜಿನಲ್ಲಿರುತ್ತದೆ. ಕೇಂದ್ರದ ವಿಧವಾ ಪಿಂಚಣಿಗೂ ನಲವತ್ತೇ ಗಡಿ, ಅದರಲ್ಲಿ ಕೇಂದ್ರದ ಪಾಲು 300 ರೂಪಾಯಿ. ಈ ನಿಯಮ ಬರೆದವರು ಹೆಂಗಸಿನ ಮುಪ್ಪನ್ನು ಯೋಚಿಸಿದರು, ಅವಳ ಕಂಕುಳಲ್ಲಿ ಮಗು ಇರಬಹುದು ಎಂಬುದನ್ನು ಯೋಚಿಸಲಿಲ್ಲ. ಮೇಲಾಗಿ ವಿಚ್ಛೇದನದ ಡಿಕ್ರಿ ಬೇಕು. 2011ರ ಜನಗಣತಿ ಮೊದಲ ಬಾರಿಗೆ ವಿಚ್ಛೇದಿತರನ್ನೂ ವಿಚ್ಛೇದನವಿಲ್ಲದೆ ಬೇರೆಯಾಗಿ ಬದುಕುವವರನ್ನೂ ಬೇರೆ ಬೇರೆ ಎಣಿಸಿತು. ಬೇರೆಯಾದವರ ಸಂಖ್ಯೆ ವಿಚ್ಛೇದಿತರ ಸಂಖ್ಯೆಯ ಎರಡು ಪಟ್ಟಿಗಿಂತಲೂ ಹೆಚ್ಚಿತ್ತು. ಇವರಲ್ಲಿ ಗಂಡಸರಿಗಿಂತ ಹೆಂಗಸರೇ ಬಹಳ ಹೆಚ್ಚು. ಗಂಡು ಇನ್ನೊಂದು ಮದುವೆಯಾಗಿ ‘ವಿವಾಹಿತ’ ಎಂಬ ಕಾಲಮಿಗೆ ಹೋಗಿಬಿಡುತ್ತಾನೆ, ಹೆಣ್ಣು ‘ಬೇರೆಯಾದವಳು’ ಎಂಬಲ್ಲೇ ಉಳಿಯುತ್ತಾಳೆ. ಯಾವ ಡಿಕ್ರಿಯೂ ಇಲ್ಲದ ಇವರು ಜೀವನಾಂಶದ ಕೋರ್ಟಿನಲ್ಲಿ ಕಾಣುತ್ತಾರೆ, ಪಿಂಚಣಿಯ ಪಟ್ಟಿಯಲ್ಲಿ ಕಾಣುವುದಿಲ್ಲ.

ಮಗುವನ್ನು ನಿಜವಾಗಿ ನೆನೆದಿರುವ ಯೋಜನೆ ಒಂದಿದೆ. ಕೇಂದ್ರದ ಮಿಷನ್ ವಾತ್ಸಲ್ಯದ ಅಡಿಯಲ್ಲಿ ವಿಧವೆಯ, ವಿಚ್ಛೇದಿತಳ, ಕುಟುಂಬ ತೊರೆದವಳ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ಕೊಡಬಹುದು. ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ರೂಪಾಯಿ ಮೀರಿರಬಾರದು. ಈ ಲೇಖನ ಓದುವವರಲ್ಲಿ ಯಾರಿಗಾದರೂ ಇದು ಬೇಕಿದ್ದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿ. ಆದರೆ ‘ಕೊಡಬಹುದು’ ಎಂಬ ಪದವನ್ನು ಗಮನಿಸಿ. ಜಿಲ್ಲೆಗೆ ಬಂದ ಅನುದಾನ ಇರುವವರೆಗೆ, ಸಮಿತಿ ಒಪ್ಪಿದವರಿಗೆ ಮಾತ್ರ. ಅದು ಹಕ್ಕಲ್ಲ. ಆ ಆದಾಯದ ಗೆರೆಯನ್ನೂ ನೋಡಿ: ತಿಂಗಳಿಗೆ 8,000 ದುಡಿಯುವ ಪಟ್ಟಣದ ತಾಯಿ ಅದರ ಅಂಚಿನಲ್ಲಿದ್ದಾಳೆ. ಗಾರ್ಮೆಂಟ್ಸ್‌ನಲ್ಲಿ ದುಡಿಯುವ ನನ್ನ ಕಕ್ಷಿದಾರಳು, ದುಡಿಯುತ್ತಾಳೆ ಎಂಬ ಒಂದೇ ತಪ್ಪಿಗೆ ಗೆರೆಯ ಆಚೆ ನಿಲ್ಲುತ್ತಾಳೆ.

*

ಬೇರೆಡೆ ಇದನ್ನು ಹೇಗೆ ಮಾಡಿದ್ದಾರೆ ಎಂದು ನೋಡುವುದು ಅವಮಾನವೇನಲ್ಲ. ಅಲ್ಲಿಯ ತಪ್ಪುಗಳಿಂದಲೂ ಕಲಿಯುವುದಿದೆ.

ಅಮೆರಿಕದಲ್ಲಿ 1975ರಲ್ಲೇ ಮಕ್ಕಳ ಜೀವನಾಂಶ ವಸೂಲಿಗೆ ಕೇಂದ್ರ ಸರ್ಕಾರದ ಕಾರ್ಯಕ್ರಮ ಬಂತು. 1980ರ ದಶಕದಲ್ಲಿ ವಿಸ್ಕಾನ್ಸಿನ್ ರಾಜ್ಯದಲ್ಲಿ ಅರ್ವಿನ್ ಗಾರ್ಫಿಂಕಲ್ ಮತ್ತು ಸಂಗಡಿಗರು ಮೂರು ಕಾಲಿನ ಒಂದು ಯೋಜನೆ ರೂಪಿಸಿದರು. ಒಂದು, ಜೀವನಾಂಶವನ್ನು ನ್ಯಾಯಾಧೀಶರ ಮನಸ್ಸಿಗೆ ಬಿಡದೆ ತಂದೆಯ ಆದಾಯದ ಇಂತಿಷ್ಟು ಪಾಲು ಎಂದು ಗೊತ್ತುಮಾಡುವುದು. ಅಲ್ಲಿ ಒಂದು ಮಗುವಿಗೆ ಶೇಕಡ 17, ಇಬ್ಬರಿಗೆ 25. ಎರಡು, ಆ ಪಾಲನ್ನು ಸಂಬಳದಿಂದಲೇ ಹಿಡಿದುಕೊಳ್ಳುವುದು. ಮೂರು, ತಂದೆಯಿಂದ ಬಂದದ್ದು ಸಾಲದಿದ್ದರೆ ಒಂದು ಕನಿಷ್ಠ ಮೊತ್ತವನ್ನು ಸರ್ಕಾರವೇ ತುಂಬಿಕೊಡುವುದು. ಮೊದಲ ಎರಡು ಜಾರಿಗೆ ಬಂದವು. ಮೂರನೆಯದು, ಅಂದರೆ ಸರ್ಕಾರದ ಕೈಯಿಂದ ಖರ್ಚಾಗುವುದು, ಜಾರಿಗೆ ಬರಲಿಲ್ಲ. ಎಲ್ಲ ದೇಶದ ಸರ್ಕಾರಗಳೂ ಒಂದೇ ಮಣ್ಣಿನವು.

ಅದಕ್ಕಿಂತ ದೊಡ್ಡ ತಪ್ಪೊಂದನ್ನು ಅಮೆರಿಕ ಮಾಡಿತು. ಸರ್ಕಾರದ ನೆರವು ಪಡೆಯುವ ತಾಯಂದಿರ ಪರವಾಗಿ ತಂದೆಯರಿಂದ ವಸೂಲು ಮಾಡಿದ ಹಣದ ಬಹುಪಾಲನ್ನು, ‘ನಿಮಗೆ ಕೊಟ್ಟ ನೆರವಿಗೆ ವಜಾ’ ಎಂದು ಖಜಾನೆಗೇ ಹಾಕಿಕೊಂಡಿತು. ಅಪ್ಪ ಕೊಟ್ಟರೂ ಮಗುವಿನ ತಟ್ಟೆಗೆ ಬೀಳುವುದು ಅಷ್ಟೇ ಎಂದಾದಾಗ ಅಪ್ಪ ಯಾಕೆ ಕೊಡುತ್ತಾನೆ? 1997ರಿಂದ ವಿಸ್ಕಾನ್ಸಿನ್‌ನಲ್ಲಿ ಇದನ್ನು ಪ್ರಯೋಗಕ್ಕೆ ಇಟ್ಟರು. ಚೀಟಿ ಎತ್ತಿದ ಹಾಗೆ ತಾಯಂದಿರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಅಪ್ಪ ಕೊಟ್ಟದ್ದನ್ನು ಪೂರ್ತಿ ತಲುಪಿಸಿದರು, ಇನ್ನೊಂದಕ್ಕೆ ಒಂದು ಭಾಗ ಮಾತ್ರ. ಮಾರಿಯಾ ಕ್ಯಾನ್ಸಿಯನ್, ಡೇನಿಯಲ್ ಮೇಯರ್ ಮುಂತಾದ ಸಂಶೋಧಕರು ಕಂಡದ್ದು ಇದು: ಹಣ ಪೂರ್ತಿ ಮಗುವಿಗೆ ಹೋಗುವ ಗುಂಪಿನಲ್ಲಿ ಹೆಚ್ಚು ತಂದೆಯರು ಕೊಟ್ಟರು, ಪಿತೃತ್ವವನ್ನು ದಾಖಲಿಸಿಕೊಳ್ಳುವುದೂ ಬೇಗ ಆಯಿತು, ಸರ್ಕಾರಕ್ಕೆ ಬಿದ್ದ ಹೆಚ್ಚುವರಿ ಹೊರೆ ಅಲ್ಪ. ನಮ್ಮ ಹಳ್ಳಿಯ ಅಜ್ಜಿಗೂ ಗೊತ್ತಿರುವ ಸಂಗತಿಯನ್ನು ಅವರು ಅಂಕಿಯಲ್ಲಿ ತೋರಿಸಿಕೊಟ್ಟರು.

ಜರ್ಮನಿಯದು ನನಗೆ ಹೆಚ್ಚು ಹಿಡಿಸಿದ ದಾರಿ. 1980ರಿಂದ ಅಲ್ಲಿ ಜೀವನಾಂಶದ ಮುಂಗಡ ಎಂಬುದಿದೆ. ಅಪ್ಪ ಕೊಡದಿದ್ದರೆ ಸರ್ಕಾರ ಮಗುವಿಗೆ ಒಂದು ನಿಗದಿತ ಮೊತ್ತ ಕೊಟ್ಟುಬಿಡುತ್ತದೆ. ಅಪ್ಪನ ಮೇಲಿನ ಹಕ್ಕು ಆಗ ಸರ್ಕಾರಕ್ಕೆ ವರ್ಗವಾಗುತ್ತದೆ. ಅವನ ಬೆನ್ನು ಹತ್ತುವುದು ಸರ್ಕಾರದ ಪಾಡು. ಮೊದಲು ಇದಕ್ಕೆ ವಯಸ್ಸಿನ, ಅವಧಿಯ ಮಿತಿಗಳಿದ್ದವು, 2017ರಿಂದ ಹದಿನೆಂಟು ತುಂಬುವವರೆಗೂ ವಿಸ್ತರಿಸಿದರು. ಕೊಟ್ಟದ್ದೆಲ್ಲ ಅಪ್ಪಂದಿರಿಂದ ವಾಪಸು ಬರುತ್ತದೆಯೇ? ಇಲ್ಲ, ಹೆಚ್ಚಿನ ಪಾಲು ಬರುವುದಿಲ್ಲ. ಅಷ್ಟು ದೊಡ್ಡ ಆಡಳಿತ, ಅಷ್ಟು ಕಟ್ಟುನಿಟ್ಟಿನ ದಾಖಲೆಗಳು ಇರುವ ಸರ್ಕಾರಕ್ಕೇ ವಸೂಲು ಮಾಡಲಾಗದ ಸಾಲವನ್ನು ನಾವು ಒಬ್ಬ ಗಾರ್ಮೆಂಟ್ಸ್ ಕಾರ್ಮಿಕಳಿಗೆ ವಸೂಲು ಮಾಡಿಕೋ ಎನ್ನುತ್ತಿದ್ದೇವೆ. ಅಲ್ಲಿ ವಸೂಲಾಗದಿದ್ದರೆ ನಷ್ಟ ಖಜಾನೆಗೆ, ಇಲ್ಲಿ ನಷ್ಟ ಮಗುವಿಗೆ.

*

ಈ ಮಾತು ಎತ್ತಿದಾಗಲೆಲ್ಲ ಬರುವ ಆಕ್ಷೇಪಗಳು ನನಗೆ ಬಾಯಿಪಾಠವಾಗಿವೆ.

‘ಹೆಂಗಸರು ಕಾನೂನನ್ನು ದುರುಪಯೋಗ ಮಾಡಿಕೊಳ್ಳುತ್ತಾರೆ.’ 2024ರಲ್ಲಿ ನಮ್ಮ ಹೈಕೋರ್ಟಿನಲ್ಲಿ ತಿಂಗಳಿಗೆ ಆರು ಲಕ್ಷಕ್ಕೂ ಹೆಚ್ಚು ಕೇಳಿದ ಹೆಂಡತಿಯೊಬ್ಬಳ ವಿಚಾರಣೆಯ ವಿಡಿಯೊ ಎಲ್ಲರ ಮೊಬೈಲಿನಲ್ಲೂ ಓಡಾಡಿತು. ನ್ಯಾಯಾಧೀಶರು ಅದನ್ನು ಒಪ್ಪದೆ ತರಾಟೆಗೆ ತೆಗೆದುಕೊಂಡರು, ಅಲ್ಲಿಗೆ ಕೋರ್ಟು ತನ್ನ ಕೆಲಸ ಮಾಡಿತು. ಆ ವಿಡಿಯೊ ಕಳಿಸಿದವರಲ್ಲಿ ಎಷ್ಟು ಜನ ತಮ್ಮ ಊರಿನ ಕೋರ್ಟಿನಲ್ಲಿ ಎರಡು, ಮೂರು ಸಾವಿರಕ್ಕೆ ನಿಂತವರನ್ನು ನೋಡಿದ್ದಾರೆ? ಆರು ಲಕ್ಷದವಳನ್ನು ತೋರಿಸಿ ಮೂರು ಸಾವಿರದವಳ ಬಾಯಿ ಮುಚ್ಚಿಸುವುದು ಈಗ ಒಂದು ಕಲೆಯಾಗಿದೆ. ನಾನು ಕೇಳುತ್ತಿರುವುದು ಮಗುವಿನ ಪಾಲು. ಎರಡು ವರ್ಷದ ಮಗು ಯಾವ ಕಾನೂನನ್ನು ದುರುಪಯೋಗ ಮಾಡಿಕೊಂಡೀತು?

‘ಅವಳೂ ದುಡಿಯಲಿ.’ ದುಡಿಯುತ್ತಿದ್ದಾಳಲ್ಲ! ನನ್ನ ಹತ್ತಿರ ಬರುವವರಲ್ಲಿ ದುಡಿಯದವರನ್ನು ಹುಡುಕಬೇಕು. ಬೆಳಿಗ್ಗೆ ಐದಕ್ಕೆ ಎದ್ದು ಅಡುಗೆ ಮುಗಿಸಿ, ಮಗುವನ್ನು ತಾಯಿಯ ಮಡಿಲಿಗೆ ಹಾಕಿ ಹೋಗುವವರು ಅವರು. ಮಗುವಿಗೆ ಇಬ್ಬರು ಪೋಷಕರು. ಒಬ್ಬಳು ತನ್ನ ಪಾಲನ್ನು ದುಡಿದೂ, ಬೇಯಿಸಿಯೂ, ರಾತ್ರಿ ಜ್ವರದಲ್ಲಿ ಎದ್ದು ಕೂತೂ ಕೊಡುತ್ತಿದ್ದಾಳೆ. ಅವಳ ಸಂಬಳವನ್ನು ತೋರಿಸಿ ಇನ್ನೊಬ್ಬನ ಪಾಲನ್ನು ಮನ್ನಾ ಮಾಡುವುದು ಯಾವ ಗಣಿತ?

‘ಗಂಡನೂ ಬಡವನಾಗಿದ್ದರೆ?’ ಇದು ನಿಜವಾದ ಪ್ರಶ್ನೆ, ಇದನ್ನು ತಳ್ಳಿಹಾಕಬಾರದು. ದಿನಗೂಲಿಯವನನ್ನು ಜೈಲಿಗೆ ಹಾಕಿದರೆ ಕೂಲಿಯೂ ಹೋಗುತ್ತದೆ. ಕೊಡಲಾರದವನನ್ನೂ ಕೊಡದವನನ್ನೂ ಬೇರೆ ಬೇರೆಯಾಗಿ ನೋಡಬೇಕು. ಆ ವಿವೇಚನೆ ಮಾಡಬೇಕಾದವರು ಯಾರು? ಅವನ ಪಹಣಿ, ವಾಹನದ ನೋಂದಣಿ, ಬ್ಯಾಂಕ್ ಖಾತೆ ನೋಡುವ ಅಧಿಕಾರವಿರುವ ಸರ್ಕಾರ. ಅವನು ನಿಜವಾಗಿಯೂ ಬಡವನಾಗಿದ್ದರೆ ಮಗುವಿನ ಭಾರ ಸರ್ಕಾರ ಹೊರಲಿ. ಇಲ್ಲದಿದ್ದರೆ ಬಡ ಅಪ್ಪನ ಮಗು ಎಂಬ ಕಾರಣಕ್ಕೆ ಆ ಮಗುವಿಗೆ ಎರಡು ಸಲ ಶಿಕ್ಷೆಯಾಗುತ್ತದೆ.

‘ಹಣ ಸಿಗುತ್ತದೆಂದು ಹೆಂಗಸರು ಸಂಸಾರ ಬಿಟ್ಟು ಬಂದುಬಿಡುತ್ತಾರೆ.’ ಎರಡು ಸಾವಿರಕ್ಕೆ ಸಂಸಾರ ಬಿಟ್ಟು ಬಂದ ಒಬ್ಬಳನ್ನೂ ನಾನು ಕಂಡಿಲ್ಲ. ಎರಡು ಸಾವಿರ ಇಲ್ಲವೆಂದು ಒದೆ ತಿಂದುಕೊಂಡು ಅಲ್ಲೇ ಉಳಿದವರನ್ನು ಕಂಡಿದ್ದೇನೆ.

‘ಖಜಾನೆಯಲ್ಲಿ ದುಡ್ಡೆಲ್ಲಿದೆ?’ 2011ರ ಜನಗಣತಿಯಲ್ಲಿ ವಿಚ್ಛೇದಿತರು, ಬೇರೆಯಾಗಿರುವವರು, ಗಂಡು ಹೆಣ್ಣು ಎಲ್ಲ ಸೇರಿ ಇಡೀ ದೇಶದಲ್ಲಿ ಸುಮಾರು ಐವತ್ತು ಲಕ್ಷ ಜನ. ಗಣತಿಯವರ ಮುಂದೆ ಹೇಳಿಕೊಳ್ಳದವರು ಬಹಳ ಜನ ಇದ್ದಾರು, ಒಪ್ಪುತ್ತೇನೆ. ಆದರೆ ಕರ್ನಾಟಕವೊಂದೇ ಗೃಹಲಕ್ಷ್ಮಿಯಲ್ಲಿ ಒಂದು ಕೋಟಿಗೂ ಹೆಚ್ಚು ಖಾತೆಗಳಿಗೆ ಹಣ ಹಾಕುತ್ತಿದೆ. ಅಂಥ ರಾಜ್ಯಕ್ಕೆ ಜೀವನಾಂಶದ ಆದೇಶವಿದ್ದೂ ಹಣ ಸಿಗದ ಮಕ್ಕಳ ಸಂಖ್ಯೆ ಹೊರಲಾರದ ಭಾರವಲ್ಲ. ಅದೂ ಪೂರ್ತಿ ಖರ್ಚಲ್ಲ, ಸಾಲ. ಅದರ ಸಾಲಗಾರ ಯಾರು ಎಂಬುದು ಕೋರ್ಟಿನ ಆದೇಶದಲ್ಲೇ ಹೆಸರು, ವಿಳಾಸ ಸಮೇತ ಇದೆ.

*

ಆದ್ದರಿಂದ ನಾನು ಕೇಳುವುದು ಇವು. ಜೀವನಾಂಶದ ಆದೇಶವಾದ ದಿನವೇ ಅದರ ಪ್ರತಿ ತಾಲ್ಲೂಕಿನ ಒಬ್ಬ ಗೊತ್ತಾದ ಅಧಿಕಾರಿಗೆ ಹೋಗಲಿ. ವಸೂಲಿಯ ಹೊಣೆ ಅವನದು, ತಾಯಿ ಮತ್ತೆ ಅರ್ಜಿ ಹಾಕುವಂತಿರಬಾರದು. ಒಂದು ಕಂತು ತಪ್ಪಿದರೆ ಒಂದು ಕನಿಷ್ಠ ಮೊತ್ತವನ್ನು ಸರ್ಕಾರ ಮಗುವಿನ ಹೆಸರಿಗೆ ಮುಂಗಡವಾಗಿ ಹಾಕಲಿ. ಅದನ್ನು ಭೂಕಂದಾಯದ ಬಾಕಿಯಂತೆ ತಂದೆಯಿಂದ ವಸೂಲು ಮಾಡಲಿ. ಅಪ್ಪ ಅದಕ್ಕಿಂತ ಹೆಚ್ಚು ಕೊಟ್ಟರೆ ಪೂರ್ತಿ ಮಗುವಿಗೇ ಹೋಗಲಿ, ಅಮೆರಿಕದವರ ಹಾಗೆ ನಡುವೆ ಕೈ ಹಾಕುವುದು ಬೇಡ. ವಿಚ್ಛೇದನದ ಡಿಕ್ರಿ ಕೇಳದೆ, ಬೇರೆಯಾಗಿ ಬದುಕುತ್ತಿರುವ ತಾಯಿ ಮಕ್ಕಳಿಗೆ ಅವರದೇ ರೇಷನ್ ಕಾರ್ಡು ಕೊಡಲಿ. ಅವಳು ಎಲ್ಲಿದ್ದಾಳೆ, ಯಾರ ಜೊತೆ ಇದ್ದಾಳೆ ಎಂಬುದು ಅಂಗನವಾಡಿ ಕಾರ್ಯಕರ್ತೆಗೆ ಗೊತ್ತಿರುತ್ತದೆ, ಅವರ ಸಹಿ ಸಾಕು. ಮಕ್ಕಳಿರುವ ತಾಯಂದಿರ ಮಟ್ಟಿಗೆ ಮನಸ್ವಿನಿಯ ನಲವತ್ತರ ಗೆರೆ ಅಳಿಸಲಿ.

ಇದಕ್ಕೆ ದೆಹಲಿಯ ಕಡೆ ಬೆರಳು ತೋರಿಸಬೇಡಿ. ದಂಡ ಪ್ರಕ್ರಿಯೆ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ಐನೂರರ ಮಿತಿಯನ್ನು ರಾಜ್ಯಗಳು ತಾವಾಗಿ ಮೀರಿದ ಚರಿತ್ರೆಯೂ ಇದೆ. ಮುಂಗಡ, ಕಾರ್ಡು, ಪಿಂಚಣಿಗಳಿಗಂತೂ ವಿಧಾನಸೌಧದ ಮನಸ್ಸು ಇದ್ದರೆ ಸಾಕು.

ಕರೆಂಟ್ ಬಿಲ್ಲು ಕಟ್ಟದಿದ್ದರೆ ಲೈನ್‌ಮನ್ ಬಂದು ಫ್ಯೂಸ್ ಕಿತ್ತುಕೊಂಡು ಹೋಗುತ್ತಾನೆ. ಟ್ರ್ಯಾಕ್ಟರಿನ ಕಂತು ತಪ್ಪಿದರೆ ಫೈನಾನ್ಸಿನವರು ಹೊಲಕ್ಕೇ ಬರುತ್ತಾರೆ. ಸಂಘದ ಸಾಲ ಒಂದು ವಾರ ತಡವಾದರೆ ಮನೆ ಬಾಗಿಲಲ್ಲಿ ಕೂರುತ್ತಾರೆ. ಈ ನಾಡಿನಲ್ಲಿ ವಸೂಲು ಮಾಡುವ ವಿದ್ಯೆ ಯಾರಿಗೂ ಹೊಸತಲ್ಲ. ಮಗುವಿನ ಬಾಕಿಯನ್ನು ಬಾಕಿ ಎಂದು ಒಪ್ಪಿಕೊಳ್ಳುವುದಷ್ಟೇ ಉಳಿದಿದೆ.